ಬೇಕು ಎಂಬ ಎರಡಕ್ಷರ

ಸಂಕಲ್ಪ ಮಾಡುವುದರಲ್ಲಿ ನಮ್ಮ ಹೆಂಗಸರನ್ನು ಮೀರಿಸುವವರಿಲ್ಲ. ಭೀಮನ ಅಮಾವಾಸ್ಯೆಗೆ ಗಂಡನ ಆಯುಸ್ಸು ಬೇಡಿ ಮುಗಿಸುವಷ್ಟರಲ್ಲಿ ನಾಗರಪಂಚಮಿ ಬಂದಿರುತ್ತದೆ. ಅಣ್ಣತಮ್ಮಂದಿರ ಬೆನ್ನು ತಂಪಾಗಿರಲಿ ಎನ್ನುತ್ತೇವೆ. ವರಮಹಾಲಕ್ಷ್ಮಿಗೆ ಮನೆಯ ಸಿರಿ, ಗೌರಿಹಬ್ಬಕ್ಕೆ ಮುತ್ತೈದೆತನ. ಮಗನ ಪರೀಕ್ಷೆಗೆಂದು ರಾಯರಿಗೊಂದು ಹರಕೆ, ಮಗಳ ಮದುವೆಗೆಂದು ಧರ್ಮಸ್ಥಳಕ್ಕೊಂದು ಮುಡಿಪು. ಇಷ್ಟೆಲ್ಲ ಬೇಡುವ ಬಾಯಿಗೆ, "ನನಗೆ ಇಂಥದ್ದು ಬೇಕು" ಎಂದು ಹೇಳಲು ಹೇಳಿ ನೋಡಿ. ನಾಲಿಗೆ ತಡವರಿಸುತ್ತದೆ.

ಹಾಗೆಂದು 'ಬೇಕು' ಎಂಬ ಮಾತು ನಮಗೆ ಅಪರಿಚಿತವೇನಲ್ಲ. ತೊಗರಿಬೇಳೆ ಬೇಕು, ಗ್ಯಾಸ್ ಸಿಲಿಂಡರ್ ಬೇಕು, ಮಾವನವರಿಗೆ ಬಿ.ಪಿ. ಮಾತ್ರೆ ಬೇಕು. ದಿನಕ್ಕೆ ನೂರು ಸಲ ಹೇಳುತ್ತೇವೆ. ಅದರ ಹಿಂದೆ 'ನನಗೆ' ಎಂಬ ಮೂರಕ್ಷರ ಸೇರಿಸುವುದು ಮಾತ್ರ ಕಷ್ಟ.

ನನಗೆ ಐವತ್ತೆರಡು ತುಂಬಿದ ವರ್ಷ ಮಗಳು ಬೆಂಗಳೂರಿನಿಂದ ಫೋನು ಮಾಡಿ, "ಅಮ್ಮಾ, ನಿನಗೇನು ಬೇಕು ಹೇಳು" ಎಂದಳು.

"ನನಗೇನಮ್ಮಾ, ನೀವೆಲ್ಲ ಚೆನ್ನಾಗಿದ್ದರೆ ಸಾಕು" ಎಂದೆ.

"ಅದು ಉತ್ತರ ಅಲ್ಲಮ್ಮ, ತಪ್ಪಿಸಿಕೊಳ್ಳೋ ಮಾತು" ಎಂದು ನಕ್ಕಳು.

ನಾನು ಉತ್ತರ ಹುಡುಕುವ ಮೊದಲೇ ಸುತ್ತಲಿನವರು ಹುಡುಕಿಕೊಟ್ಟರು. ಓರಗಿತ್ತಿ, "ಎರಡು ಬಳೆ ಮಾಡಿಸ್ಕೊಳ್ಳಿ ಅಕ್ಕ, ಚಿನ್ನ ಎಂದಿದ್ದರೂ ಆಪತ್ತಿಗಾಗುತ್ತೆ" ಎಂದಳು. ಪಕ್ಕದ ಮನೆಯವರು ಕಾಶಿಯಾತ್ರೆಯ ಬಸ್ಸಿನಲ್ಲಿ ಜಾಗವಿದೆ ಎಂದರು. ನಮ್ಮವರು, "ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಕಟ್ಟು, ಮನೆಯಲ್ಲೇ ಕೂತು ಓದಬಹುದು" ಎಂದರು. ಒಂದೂ ಕೆಟ್ಟ ಸಲಹೆಯಲ್ಲ. ನನ್ನ ಆಸೆಗಳನ್ನು ಇವರೆಲ್ಲ ನನಗಿಂತ ಚೆನ್ನಾಗಿ ಬಲ್ಲರಲ್ಲ ಎಂದು ಆಶ್ಚರ್ಯವೂ ಆಯಿತು.

ಒಂದು ಮಧ್ಯಾಹ್ನ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಎಲ್ಲವನ್ನೂ ಬರೆದೆ. ಬಳೆ, ಕಾಶಿ, ಎಂ.ಎ., ಮಹಡಿ ಮೇಲೊಂದು ಕೋಣೆ, ಹತ್ತು ಕಿಲೋ ತೂಕ ಇಳಿಸುವುದು, ಸ್ಕೂಟರ್ ಕಲಿಯುವುದು, ಸಂಗೀತ. ಆಮೇಲೆ ಒಂದೊಂದರ ಮುಂದೆಯೂ ಒಂದೇ ಪ್ರಶ್ನೆ ಹಾಕಿಕೊಂಡೆ: ಇದು ಕೈಗೂಡಿದರೂ ಯಾರಿಗೂ ಹೇಳುವಂತಿಲ್ಲ, ತೋರಿಸುವಂತಿಲ್ಲ ಎಂದಾದರೆ, ಆಗಲೂ ಬೇಕೇ?

ಬಳೆ ತಕ್ಷಣ ಬಿದ್ದುಹೋಯಿತು. ಯಾರೂ ನೋಡದ ಬಳೆ ಬೀರುವಿನಲ್ಲಿದ್ದರೇನು, ಅಂಗಡಿಯಲ್ಲಿದ್ದರೇನು! ಎಂ.ಎ. ಸ್ವಲ್ಪ ಹೊತ್ತು ಹೋರಾಡಿತು. ಆದರೆ ನನಗೆ ಬೇಕಿದ್ದದ್ದು ಓದಲ್ಲ, ನಡುಮನೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕುವ ಪದವಿಪತ್ರ ಎಂದು ಗೊತ್ತಾದ ಮೇಲೆ ಅದೂ ಹೋಯಿತು. ನಿಜವಾಗಿ ಓದಬೇಕೆನ್ನುವವರಿಗೆ ಅದೇ ಎಂ.ಎ. ಉಳಿದುಕೊಳ್ಳುತ್ತಿತ್ತು. ಸ್ಕೂಟರ್ ಉಳಿಯಿತು. ತರಕಾರಿ ತರಲು ಇನ್ನೊಬ್ಬರ ದಾರಿ ಕಾಯುವುದು ತಪ್ಪುತ್ತದಲ್ಲ, ಅದಕ್ಕೆ ನೋಡುವವರು ಬೇಕಿಲ್ಲ. ಸಂಗೀತವೂ ಉಳಿಯಿತು.

ಹುಡುಗಿಯಾಗಿದ್ದಾಗ ಮಾಯಾಮಾಳವಗೌಳದ ಸರಳೆವರಸೆ, ಜಂಟಿವರಸೆ, ಅಲಂಕಾರ ದಾಟಿ ಮಲಹರಿಯ ಗೀತೆಗಳವರೆಗೆ ಬಂದಿದ್ದೆ. ಆಮೇಲೆ ಮದುವೆ. ಯಾರೂ ಹಾಡಬೇಡ ಎನ್ನಲಿಲ್ಲ. ಹಾಡು ಎಂದೂ ಯಾರೂ ಹೇಳಲಿಲ್ಲ, ಅಷ್ಟೇ.

'ಸಂಗೀತ ಬೇಕು' ಎಂದು ಬರೆದಿಟ್ಟರೆ ಅದು ಬರೀ ಆಸೆ. ಆಸೆಗೆ ಹೊತ್ತು, ಅಳತೆ ಎರಡೂ ಇಲ್ಲ. ಆದ್ದರಿಂದ ಕೆಳಗೆ ಇನ್ನೊಂದು ಸಾಲು ಬರೆದೆ: 'ಬೆಳಿಗ್ಗೆ ಆರರಿಂದ ಆರೂವರೆ. ವರ್ಷ ತಿರುಗುವುದರೊಳಗೆ ಏಳು ತಾಳದ ಅಲಂಕಾರಗಳು, ಮೂರು ಕಾಲದಲ್ಲಿ.' ಇಷ್ಟು ಬರೆದ ಮೇಲೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಮಗಳು ಶ್ರುತಿಪೆಟ್ಟಿಗೆ ಕಳಿಸಿಕೊಟ್ಟಳು.

ಆದರೆ ನಮ್ಮ ಗುರಿಯನ್ನು ಉಳಿದವರು ಪ್ರೀತಿಯಿಂದಲೇ ಎತ್ತಿಕೊಂಡು ಹೋಗುತ್ತಾರೆ! ಮೇಡಂ ಜೂನಿಯರ್ ಪರೀಕ್ಷೆಗೆ ಕೂರಿ ಎಂದರು. ಬೀದಿಯವರು ಗಣಪತಿ ಪೆಂಡಾಲಿನಲ್ಲಿ ಎರಡು ದೇವರನಾಮ ಹಾಡಿ ಎಂದರು. ನಮ್ಮವರು, "ನಾಲ್ಕು ಮಕ್ಕಳಿಗೆ ಹೇಳಿಕೊಟ್ಟರೆ ನಿನ್ನ ಕೈಖರ್ಚಾದರೂ ಆಗುತ್ತೆ" ಎಂದರು. ಮೂವರೂ ನನ್ನ ಒಳ್ಳೆಯದಕ್ಕೇ ಹೇಳಿದ್ದು. ಒಪ್ಪಿಕೊಂಡಿದ್ದರೆ ಆರರಿಂದ ಆರೂವರೆಯ ನನ್ನ ಹೊತ್ತು ಮತ್ತೊಂದು ಮನೆಗೆಲಸವಾಗುತ್ತಿತ್ತು. 'ಬೇಕು' ಎಂದು ಕಲಿತವರು ಜೊತೆಗೇ 'ಬೇಡ' ಎಂಬುದನ್ನೂ ಕಲಿಯಬೇಕು. ಅದು ಇನ್ನೂ ಕಷ್ಟದ ಪಾಠ. ನಗುನಗುತ್ತಲೇ ಬೇಡವೆಂದೆ. ಒಬ್ಬಿಬ್ಬರು ಮುಖ ದಪ್ಪ ಮಾಡಿದರು. ಮಾಡಲಿ.

ಈ ವಯಸ್ಸಿನಲ್ಲೇ ಎಂದು ಕೇಳುವವರಿಗೆ ನಾನು ಎಂ.ಕೆ. ಇಂದಿರಾ ಅವರ ಹೆಸರು ಹೇಳುತ್ತೇನೆ. 1917ರಲ್ಲಿ ಹುಟ್ಟಿದ ಅವರು ಹೆಚ್ಚು ಶಾಲೆ ಓದಿದವರಲ್ಲ. ಬೇಗ ಮದುವೆಯಾಗಿ ಸಂಸಾರ ನಡೆಸಿದವರು. ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. 1976ರ 'ಫಣಿಯಮ್ಮ' ಬರುವಾಗ ಅರವತ್ತರ ಸಮೀಪದಲ್ಲಿದ್ದರು. ಅವರಿಗೆ ಬಂದ ಕೀರ್ತಿ ನಮಗೂ ಬರುತ್ತದೆಂದು ನಾನು ಹೇಳುತ್ತಿಲ್ಲ. ಒಲೆಯ ಮುಂದೆ ಕಳೆದ ವರ್ಷಗಳಲ್ಲಿ ಒಳಗಿನ ಆಸೆ ಸತ್ತಿರಲೇಬೇಕೆಂದಿಲ್ಲ, ಅಷ್ಟೇ ಮಾತು.

ಹೋದ ವರ್ಷ ಮಗಳ ಬಾಣಂತನ ಬಂತು. ಆರು ತಿಂಗಳು ಬೆಂಗಳೂರು. "ಈಗೇನು ಮಾಡ್ತೀರಿ ನಿಮ್ಮ ಸಂಗೀತ?" ಎಂದು ಓರಗಿತ್ತಿ ಕೇಳಿದಳು. ಮೊಮ್ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವ ಆಸೆಯನ್ನೂ ಅದೇ ಪ್ರಶ್ನೆಯ ಮುಂದೆ ನಿಲ್ಲಿಸಿ ನೋಡಿದೆ. ಯಾರೂ ನೋಡದಿದ್ದರೂ, ಯಾರೂ ಹೊಗಳದಿದ್ದರೂ ನನಗದು ಬೇಕಿತ್ತು. ಇನ್ನೊಬ್ಬರಿಗಾಗಿ ಮಾಡುವುದೆಲ್ಲ ನಮ್ಮದಲ್ಲದ ಆಸೆ ಎನ್ನುವುದೂ ಸರಿಯಲ್ಲ. ಹೊರಡುವ ಮೊದಲೇ ಮಗಳಿಗೆ ಹೇಳಿದೆ: "ಬರ್ತೀನಿ. ಬೆಳಿಗ್ಗೆ ಅರ್ಧ ಗಂಟೆ ಮಾತ್ರ ನನ್ನನ್ನು ಕರೀಬೇಡ." ಆ ಆರು ತಿಂಗಳಲ್ಲಿ ಎಷ್ಟೋ ದಿನ ಮಗು ಆ ಒಪ್ಪಂದ ಮುರಿಯಿತು. ಅದಕ್ಕೆ ಗಡಿಯಾರ ನೋಡಲು ಬರುವುದಿಲ್ಲವಲ್ಲ! ಅಂಥ ದಿನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೇ ಹಾಡಿದೆ. ವರ್ಷ ತಿರುಗುವ ಹೊತ್ತಿಗೆ ಐದು ತಾಳ ಮೂರು ಕಾಲದಲ್ಲಿ ಕೈಗೆ ಬಂತು. ಉಳಿದೆರಡು ಎರಡನೇ ಕಾಲದಲ್ಲೇ ಕೂತಿವೆ.

ನೀವೂ ಒಂದು ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಹಾಳೆ ಹಿಡಿದು ಕೂತು ನೋಡಿ. ಹತ್ತು ಆಸೆ ಬರೆದರೆ ಎಂಟು ಊರಿನವರದ್ದಾಗಿರಬಹುದು. ಗಾಬರಿಯಾಗಬೇಡಿ. ಉಳಿದ ಎರಡು ಎಷ್ಟೇ ಸಣ್ಣವಿದ್ದರೂ ಅವುಗಳಿಗೊಂದು ಹೊತ್ತು ಗೊತ್ತುಮಾಡಿ, ಮನೆಯವರಿಗೆ ಬಾಯಿಬಿಟ್ಟು ಹೇಳಿಬಿಡಿ. ಮುಂದಿನ ಹಬ್ಬದ ಸಂಕಲ್ಪದಲ್ಲಿ ಎಲ್ಲರ ಹೆಸರಾದ ಮೇಲೆ ಕೊನೆಗಾದರೂ ನಿಮ್ಮದೊಂದನ್ನು ಸೇರಿಸಿ. ಗೌರಮ್ಮ ಬೇಸರ ಮಾಡಿಕೊಳ್ಳುವುದಿಲ್ಲ.