ರದ್ದಿಗೆ ಹೋದ ಅಕ್ಷರ

ಅಟ್ಟೂರಿನ ನಮ್ಮ ಹಳೆಯ ಮನೆಯನ್ನು ಕೆಡವಿಸುವ ಮುನ್ನ ಅಟ್ಟದ ಮೇಲಿನ ಕಾಗದಗಳನ್ನೆಲ್ಲ ರದ್ದಿಯವನಿಗೆ ತೂಗಿಸಿ ಕೊಟ್ಟೆನು. ತಾತನವರು ದಿನವೂ ಪೂಜೆಯ ಅನಂತರ ಪಂಚಾಕ್ಷರಿಯನ್ನು ಬರೆದಿಡುತ್ತಿದ್ದ ಪುಸ್ತಕಗಳೂ ಅವುಗಳಲ್ಲಿ ಸೇರಿದ್ದುವೆಂಬುದು ಆಮೇಲೆ ತಿಳಿಯಿತು. ತಾಯಿಯವರು ಏನೂ ಅನ್ನಲಿಲ್ಲ. ಆ ರಾತ್ರಿ ಊಟ ಮಾಡಲಿಲ್ಲ, ಅಷ್ಟೆ.

ಯಹೂದಿಗಳ ಅನುಭಾವವನ್ನು ಕುರಿತು ಈಚೆಗೆ ಓದುವಾಗ ಈ ನೆನಪು ಮರಳಿತು. ಭಗವಂತನು ಜಗತ್ತನ್ನು ಸೃಜಿಸಿದ್ದು ಹೀಬ್ರೂ ಭಾಷೆಯ 22 ಅಕ್ಷರಗಳಿಂದಲೂ 10 ಸೆಫಿರೋತ್‌ಗಳಿಂದಲೂ ಎಂದು ಅವರ 'ಸೇಫರ್ ಯೆತ್ಸಿರಾ' ಎಂಬ ಪ್ರಾಚೀನ ಗ್ರಂಥವು ಸಾರುತ್ತದೆ. ಆ ಅಕ್ಷರಗಳಲ್ಲಿ ಮೂರು ಮಾತೃಕೆಗಳು: ಆಲೆಫ್ ವಾಯುವಿಗೆ, ಮೇಮ್ ನೀರಿಗೆ, ಶಿನ್ ಅಗ್ನಿಗೆ ಸಂಬಂಧಿಸಿದುವು. ನ, ಮ, ಶಿ, ವ, ಯಗಳಲ್ಲಿ ಪಂಚಭೂತಗಳನ್ನು ಕಾಣುವ ನಮಗೆ ಇದು ಹೊಸತೆನಿಸದು. ಆದರೆ ಒಂದು ಭೇದವುಂಟು. ದೇವರ ನಾಲ್ಕಕ್ಷರದ ನಾಮವನ್ನು ಅವರು ಉಚ್ಚರಿಸರು. ಓದುವಾಗ 'ಒಡೆಯ' ಎಂಬರ್ಥದ ಬೇರೊಂದು ಪದವನ್ನು ನುಡಿಯುವರು. ನಮ್ಮಲ್ಲಾದರೋ ಗುರುವು ಕಿವಿಯಲ್ಲಿ ಉಸುರಿದ ಮಂತ್ರ ಸದಾ ನಾಲಗೆಯ ಮೇಲಿರಬೇಕು.

ಆ ನಾಮವಿರುವ ಹಾಳೆ ಜೀರ್ಣವಾದರೂ ಅವರಲ್ಲಿ ಶ್ರದ್ಧಾವಂತರು ಎಸೆಯರು. 'ಗೆನಿಜಾ' ಎಂಬ ಕೋಣೆಯಲ್ಲಿರಿಸಿ ಬಳಿಕ ಮಣ್ಣು ಮಾಡುವರು. ಕೈರೋ ನಗರದಲ್ಲಿ ಹೀಗೆ ಉಳಿದ ಲಕ್ಷಾಂತರ ತುಣುಕುಗಳು 19ನೆಯ ಶತಮಾನದ ಕೊನೆಗೆ ವಿದ್ವಾಂಸರ ಕೈಸೇರಿದುವು. ನಮ್ಮ ಓಲೆಗರಿಯ ಕಟ್ಟುಗಳೂ ಮನೆ ಮಠಗಳಲ್ಲಿ ಉಳಿದಿದ್ದುದರಿಂದಲೇ ಫ. ಗು. ಹಳಕಟ್ಟಿಯವರಿಗೆ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತರಲು ಸಾಧ್ಯವಾಯಿತು. ನಾನಾದರೋ ಕಿಲೋ ಲೆಕ್ಕದಲ್ಲಿ ಮಾರಿದೆನು.

ತಾತನವರ ಒಂದೇ ಒಂದು ಹಾಳೆ ಹಳೆಯ ಪಂಚಾಂಗದ ನಡುವೆ ದೊರೆಯಿತು. ಮಸಿ ಹರಡಿ ಒಂದೆರಡು ಅಕ್ಷರ ಅಳಿಸಿವೆ. ತಾಯಿಯವರು ಅದನ್ನು ವಿಭೂತಿಯ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದಾರೆ.