ಹಂಪಾಪುರದಲ್ಲಿ ಹಿಂದಿನಿಂದ ಗುದ್ದಿದ ಕಾರು

ಮೈಸೂರು ಬಿಟ್ಟು ಎಚ್.ಡಿ. ಕೋಟೆ ಕಡೆಗೆ ಹೊರಟಿದ್ದೀರಿ. ಹಂಪಾಪುರದಲ್ಲಿ ಮುಂದಿನ ಬಸ್ಸು ಜನ ಇಳಿಸಲು ನಿಲ್ಲುತ್ತದೆ. ನೀವೂ ಬ್ರೇಕ್ ಒತ್ತುತ್ತೀರಿ. ಕಾರು ನಿಂತ ಮೇಲೆ ಹಿಂದಿನಿಂದ ಧಡ್ ಎಂದು ಗುದ್ದು. ಸ್ಟೇರಿಂಗ್ ಹಿಡಿದ ಬಲ ಮಣಿಕಟ್ಟು ಚುರ್ ಎನ್ನುತ್ತದೆ.

ಸಂಜೆ ನಾಲ್ಕೂವರೆ. ಈ ಹೊತ್ತಿಗೆ ಇಲ್ಲಿ ಕೆಲವು ಕಾರುಗಳಿಗೆ ವಿಪರೀತ ಅವಸರ. ಆರು ಗಂಟೆಯೊಳಗೆ ಕಾಡಿನ ಗೇಟು ದಾಟದಿದ್ದರೆ ಕೇರಳದ ಕಡೆಗಿನ ಬಾವಲಿ, ಮಾನಂದವಾಡಿ ದಾರಿ ಬೆಳಗಿನವರೆಗೆ ಬಂದ್.

ನೀವು ಇಳಿಯುವಷ್ಟರಲ್ಲಿ ಹಿಂದಿನವರು ಶುರು ಮಾಡಿದ್ದಾರೆ: “ಸಡನ್ ಬ್ರೇಕ್ ಹಾಕಿದ್ರಿ ಸಾರ್!” ಮುಂದಿನ ವಾಹನ ನಿಂತರೆ ತಾನೂ ನಿಲ್ಲುವಷ್ಟು ಅಂತರ ಇಟ್ಟುಕೊಳ್ಳಬೇಕಾದ್ದು ಹಿಂದಿನವರ ಹೊಣೆ. ಆದರೆ ಅವರ ಸಡನ್ ಬ್ರೇಕ್ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಹೆದ್ದಾರಿಯಲ್ಲಿ ಸೂಚನೆ ಕೊಡದೆ ಗಕ್ಕನೆ ನಿಲ್ಲಿಸಿದ ಕಾರಿನ ಚಾಲಕನ ಮೇಲೇ 2025ರಲ್ಲಿ ಸುಪ್ರೀಂ ಕೋರ್ಟ್ ಶೇ. 50 ಹೊಣೆ ಹೊರಿಸಿತು; ಅದಕ್ಕೆ ಗುದ್ದಿ ಬಿದ್ದ ಬೈಕ್ ಸವಾರನಿಗೂ ಶೇ. 20 ಬಂತು. ಹಾಗಾಗಿ ಮುಂದೆ ಬಸ್ಸು ನಿಂತಿತ್ತು ಎಂಬುದು ಫೋಟೊದಲ್ಲಿ ಬರಲಿ. ಬಸ್ಸು ಹೊರಡುವ ಮೊದಲೇ ತೆಗೆಯಿರಿ. ಒಳಕ್ಕೆ ಮಡಚಿಕೊಂಡ ಡಿಕ್ಕಿ, ಚೂರಾದ ಕೆಂಪು ದೀಪ, ಟೈರು ಉಜ್ಜಿದ ಗುರುತು, ಎರಡೂ ನಂಬರ್ ಪ್ಲೇಟು ಎಲ್ಲ ಕಾಣಲಿ.

ಅಷ್ಟರಲ್ಲಿ ಜನ ಸೇರಿರುತ್ತಾರೆ. ಹಿರಿಯರೊಬ್ಬರು ಹೆಗಲ ಮೇಲೆ ಕೈ ಇಡುತ್ತಾರೆ: “ಬುಡಿ ಅಣ್ಣ, ಕೋರ್ಟು ಗೀರ್ಟು ಅಂತ ಯಾಕೆ ಅಲೀತೀರಿ? ಇಲ್ಲೇ ಮುಗಿಸ್ಕೊಂಬುಡಿ.” ಐದು ಸಾವಿರ ಕೈಗೆ ಬರುತ್ತದೆ. ಸದುದ್ದೇಶದ ಮಾತೇ. ಆದರೆ ಮಣಿಕಟ್ಟಿನ ಬಾವು ಏಳುವುದು ರಾತ್ರಿ, ಎಕ್ಸ್‌ರೇಯಲ್ಲಿ ಬಿರುಕು ಕಾಣುವುದು ನಾಳೆ. ರಸ್ತೆ ಬದಿಯ ರಾಜಿಯಲ್ಲಿ ಲಾಭವಾಗುವುದು ಗುದ್ದಿದವರಿಗೆ ಮಾತ್ರ ಅಂತ ನನ್ನ ಲೆಕ್ಕ.

ದುಡ್ಡು ವಾಪಸ್ ಕೊಟ್ಟು 112ಕ್ಕೆ ಫೋನ್ ಮಾಡುತ್ತೀರಿ. ಆಸ್ಪತ್ರೆಯಲ್ಲಿ ಹೇಗಾಯಿತು ಎಂದು ಕೇಳಿದಾಗ ಬರೀ “ಬಿದ್ದೆ” ಎಂದರೆ ಕೇಸು ಅಲ್ಲೇ ಅರ್ಧ ಸತ್ತಂತೆ. ಹಿಂದಿನಿಂದ ಕಾರು ಗುದ್ದಿತು ಎಂದೇ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಾಗುವ ಗಾಯಗಳನ್ನು ಬರೆದಿಡುವ ಪುಸ್ತಕದಲ್ಲಿ ಬರೆಸಬೇಕು. ವೈದ್ಯರು ಗಾಯದ ಬಗ್ಗೆ ಕೊಡುವ ವೂಂಡ್ ಸರ್ಟಿಫಿಕೇಟ್ ಆ ಬರಹವನ್ನೇ ಅನುಸರಿಸುತ್ತದೆ. ಠಾಣೆಯಲ್ಲಿ ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ವಾಹನ ತಪಾಸಣೆಯ ಐಎಂವಿ ರಿಪೋರ್ಟ್. ಅಪಘಾತದ ಮೊದಲ ವರದಿಯನ್ನು ಪೊಲೀಸರು 48 ಗಂಟೆಯೊಳಗೆ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಗೆ ಕಳಿಸಬೇಕು ಎಂದು 2022ರ ನಿಯಮ.

ಮುಂದೆ ವಕೀಲರ ಕೋಣೆ. ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಅಡಿ ಪರಿಹಾರ ಕೇಳುವ ಎಂವಿಸಿ ಕೇಸು ಹಾಕಲು ಅಪಘಾತ ನಡೆದ ಜಾಗವೇ ಆಗಬೇಕೆಂದಿಲ್ಲ, ನೀವು ವಾಸವಿರುವ ಊರಿನ ನ್ಯಾಯಮಂಡಳಿಯೂ ಆಗುತ್ತದೆ. ಆದರೆ ಆರು ತಿಂಗಳೊಳಗೆ ಹಾಕಿಬಿಡಿ.

ವಕೀಲರು ಹಾಳೆಯ ಹಿಂಬದಿಯಲ್ಲಿ ಪರಿಹಾರದ ಲೆಕ್ಕ ಹಾಕುತ್ತಾರೆ. ವಯಸ್ಸು 38, ಸಂಪಾದನೆ ತಿಂಗಳಿಗೆ 15,000. ಕೈಗೆ ಶೇ. 30 ಊನ ಎಂದು ವೈದ್ಯರು ಹೇಳಿದರೆ ಇಡೀ ದೇಹಕ್ಕೆ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ, ಅಂದರೆ 10. ಈ ವಯಸ್ಸಿಗೆ ಗುಣಕ, ಅಂದರೆ ವರ್ಷದ ಸಂಪಾದನೆಯನ್ನು ಗುಣಿಸುವ ಅಂಕಿ, 15. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕ ಅದು. ಹದಿನೈದು ಸಾವಿರವನ್ನು ಹನ್ನೆರಡರಿಂದ, ಮತ್ತೆ ಹದಿನೈದರಿಂದ ಗುಣಿಸಿ ಅದರಲ್ಲಿ ಹತ್ತರಲ್ಲೊಂದು: 2,70,000. ಆಸ್ಪತ್ರೆ ಖರ್ಚು, ನೋವು, ಕೆಲಸ ತಪ್ಪಿದ ದಿನಗಳು ಬೇರೆ.

“ನೀವು ಏನು ಕೆಲಸ ಮಾಡೋದು?”

ಟೈಲರ್ ಎನ್ನುತ್ತೀರಿ. ಅವರು ಪೆನ್ನು ನಿಲ್ಲಿಸುತ್ತಾರೆ. ಕತ್ತರಿ ಹಿಡಿಯುವ ಕೈಗೆ ಆದ ಊನವನ್ನು ಬರೀ ಹತ್ತು ಎಂದು ಬಿಡಬಾರದು. ದುಡಿಮೆಗೆ ಎಷ್ಟು ಏಟು ಬಿತ್ತು ಎಂಬುದನ್ನೇ ನೋಡಬೇಕೆಂದು 2011ರ ರಾಜ್‌ಕುಮಾರ್ ತೀರ್ಪು ಹೇಳಿದೆ. ಅಂಗಡಿ ಪರವಾನಗಿ, ಬ್ಯಾಂಕ್ ಪುಸ್ತಕ, ಗಿರಾಕಿಗಳ ಅಳತೆ ಬರೆದ ನೋಟ್‌ಬುಕ್ ತರಲು ಹೇಳುತ್ತಾರೆ.

ಗುದ್ದಿದ ಕಾರಿನ ವಿಮಾ ಕಂಪನಿ ರಾಜಿಗೆಂದು ಲೋಕ ಅದಾಲತ್‌ಗೆ ಕರೆಯಬಹುದು. ಅಲ್ಲಿ ಸಹಿ ಹಾಕಿದರೆ ಮೇಲ್ಮನವಿ ಇಲ್ಲ. ಮೊತ್ತ ಕೇಳಿ, ಮನೆಯವರನ್ನೊಂದು ಮಾತು ಕೇಳಿ ಆಮೇಲೆ ಹಾಕಿ.