ಪಾದ್ರಿ, ಸಿಂಹ, ಸಮುದ್ರ

ನಾರ್ಫೋಕ್‌ನಲ್ಲಿ ಕಾರಿನ ಕಿಟಕಿಯಿಂದ ಹೊರಗೆ ನೋಡಿದಾಗ ಒಂದಾದರೂ ಇಗರ್ಜಿಯ ಗೋಪುರ ಕಾಣಲಿಲ್ಲವೆಂದರೆ, ಒಂದೋ ಮಂಜು ಕವಿದಿರಬೇಕು, ಇಲ್ಲವೇ ನಿಮ್ಮ ಕಣ್ಣಿಗೆ ಪೊರೆ ಬಂದಿರಬೇಕು. ಇಂಗ್ಲೆಂಡಿನ ಪೂರ್ವ ದಂಡೆಯ, ಸಕ್ಕರೆ ಬೀಟು, ಬಾರ್ಲಿ ಬೆಳೆಯುವ ಈ ಜಿಲ್ಲೆಯಲ್ಲಿ ಮಧ್ಯಯುಗದ ಇಗರ್ಜಿಗಳೇ 600ಕ್ಕೂ ಮಿಕ್ಕಿ ಉಳಿದಿವೆ. ಬಿದ್ದು ಹೋದವು, ಐವಿ ಬಳ್ಳಿ ನುಂಗಿದವು, ಕಡಲು ಕೊಂಡೊಯ್ದವು ಬೇರೆ. ಇಷ್ಟು ದೇವರ ಮನೆಗಳನ್ನು ಕಟ್ಟಿಕೊಂಡ ಜನ ಭಾನುವಾರ ಎಲ್ಲಿರುತ್ತಾರೆ ಎಂಬುದೇ ನನ್ನ ತಕರಾರು.

ನನ್ನ ಮಗಳು ಈ ಜಿಲ್ಲೆಯ ನಾರಿಚ್‌ನಲ್ಲಿದ್ದಾಳೆ. ಹೋದಾಗಲೆಲ್ಲ ಮೊಮ್ಮಗನ ಜೊತೆ ಪಾರ್ಕು, ಪೇಟೆಯ ಮಾರ್ಕೆಟ್ಟಿನಲ್ಲಿ ಚಿಪ್ಸು, ಇಷ್ಟರಲ್ಲೇ ತೃಪ್ತನಾಗಿದ್ದವನು ಈ ಸಲ ಅವಳ ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಕೈಗೆ ಸಿಕ್ಕಿಬಿದ್ದೆ. "ಹೋಗಿ ಬನ್ನಿ ಅಪ್ಪ, ಪಾಪ, ಅವರಿಗೂ ಜೊತೆಯಿಲ್ಲ" ಎಂದಳು ಮಗಳು. ಮೇಷ್ಟ್ರದು ಇಗರ್ಜಿ ಹುಚ್ಚು. ಆ ದೇಶದಲ್ಲಿ ಈ ಹುಚ್ಚಿಗೆ ಮರ್ಯಾದೆಯೂ ಇದೆ: ಜಾನ್ ಬೆಟ್ಜಮನ್ ಎಂಬ ಆಸ್ಥಾನಕವಿಯೇ 1974ರಲ್ಲಿ ಈ ಸೀಮೆಯ ಚರ್ಚುಗಳನ್ನು ಸುತ್ತುತ್ತಾ ಬಿಬಿಸಿಗೆ ಒಂದು ಚಿತ್ರ ಮಾಡಿಕೊಟ್ಟಿದ್ದರು.

ಇಲ್ಲಿ ಕಟ್ಟುವ ಕಲ್ಲಿಗೆ ಬರ. ನೆಲ ಅಗೆದರೆ ಸಿಗುವುದು ಚಕಮಕಿ ಕಲ್ಲು, ಮುಷ್ಟಿಯಷ್ಟು ದೊಡ್ಡದು, ಉಂಡೆಯುಂಡೆ. ಅದರಲ್ಲಿ ಗೋಡೆ ಎಬ್ಬಿಸಬಹುದು, ಮೂಲೆ ತೆಗೆಯುವುದು ಕಷ್ಟ. ಅದಕ್ಕೇ ಮೂಲೆಯೇ ಇಲ್ಲದ ದುಂಡು ಗೋಪುರ ಕಟ್ಟಿದರು ಎಂದು ಒಂದು ವಾದ. ಅಂಥವು ಈ ಜಿಲ್ಲೆಯೊಂದರಲ್ಲೇ 120ರ ಆಸುಪಾಸು ಇವೆಯಂತೆ. ಅಲ್ಲ, ಆಗಿನವರಿಗೆ ದುಂಡಗಿರುವುದೇ ಚಂದ ಕಾಣುತ್ತಿತ್ತು ಎಂದು ಇನ್ನೊಂದು ವಾದ. ಮೇಷ್ಟ್ರು ಒಂದು ಗೋಪುರದ ಬುಡದಲ್ಲಿ ಮೊದಲನೆಯದನ್ನೂ ಮುಂದಿನದರ ಬುಡದಲ್ಲಿ ಎರಡನೆಯದನ್ನೂ ನಂಬುತ್ತಿದ್ದರು. ದೊಡ್ಡ ಇಗರ್ಜಿಗಳೆಲ್ಲ ಉಣ್ಣೆಯ ದುಡ್ಡು. ನಮ್ಮ ಮದುವೆಯ ಸೂಟಿನ ವರ್ಸ್ಟೆಡ್ ಬಟ್ಟೆಗೆ ಹೆಸರು ಕೊಟ್ಟ ಊರು ಇಲ್ಲೇ ಇದೆ. ಹಳ್ಳಿಗಿಂತ ಅದರ ಇಗರ್ಜಿ ದೊಡ್ಡದು. ಸಾಲ್ ಎಂಬಲ್ಲಂತೂ ಹಳ್ಳಿಯೇ ಇಲ್ಲವೆನ್ನಬೇಕು. ಗದ್ದೆಯ ನಡುವೆ ಪಟ್ಟಣಕ್ಕೆ ಸಾಲುವಷ್ಟು ದೊಡ್ಡ ಕಟ್ಟಡ ಒಂಟಿಯಾಗಿ ನಿಂತಿದೆ. ಕ್ಲೈ ಒಂದು ಕಾಲದ ಬಂದರು. ಹೂಳು ತುಂಬಿ ಸಮುದ್ರ ದೂರ ಸರಿಯಿತು, ಹಡಗು ನಿಂತಿತು, ಇಗರ್ಜಿ ಮಾತ್ರ ಹಳೆಯ ಗತ್ತಿನಲ್ಲೇ ಇದೆ.

ಒಳಗೆ ಹೋದರೆ ಎಲ್ಲೆಡೆ ಒಂದೇ ಕ್ರಮ. ಬಾಗಿಲ ಬಳಿ ಮೇಜು, ಮೇಜಿನ ಮೇಲೆ ಹಳೆಯ ಪುಸ್ತಕ, ಯಾರೋ ಕಾಯಿಸಿದ ಕಿತ್ತಳೆ ಮಾರ್ಮಲೇಡು, ಪಕ್ಕದಲ್ಲಿ ದುಡ್ಡು ಹಾಕಲು ಡಬ್ಬಿ. ಕಾಯುವವರಿಲ್ಲ. ಆ ಡಬ್ಬಿಯನ್ನು ಯಾರೂ ಮುಟ್ಟುವುದಿಲ್ಲ, ಆದರೆ ರಾತ್ರಿ ಲಾರಿ ತಂದು ಮಾಡಿನ ಸೀಸದ ತಗಡನ್ನೇ ಸುತ್ತಿ ಒಯ್ಯುವ ಕಳ್ಳರಿದ್ದಾರೆ. ಮರದ ತಡಿಕೆಗಳ ಮೇಲೆ ಬರೆದ ಸಂತರಿಗೆ ಮುಖವಿಲ್ಲ. 16ನೇ ಶತಮಾನದ ಸುಧಾರಕರು ಕೆರೆದು ತೆಗೆದಿದ್ದಾರೆ. ಮೇಲೆ ಬಾವಲಿಗಳು. ಕಾನೂನಿನ ರಕ್ಷಣೆ ಇರುವುದರಿಂದ ಓಡಿಸುವಂತಿಲ್ಲ. ತಪ್ಪದೆ ಬರುವ ಭಕ್ತರು ಈಗ ಅವೇ ಎಂದು ಮೇಷ್ಟ್ರು ನಗುತ್ತಾ ಹೇಳಿದರೂ ಬೆಂಚಿನ ಮೇಲಿನ ಹಿಕ್ಕೆಯನ್ನು ತಮ್ಮ ಕರವಸ್ತ್ರದಲ್ಲೇ ಒರೆಸಿದರು.

ಮೂರು ನಾಲ್ಕು ಇಗರ್ಜಿ ಮುಗಿಯುವಷ್ಟರಲ್ಲಿ ನನಗೆ ಕಮಾನುಗಳೆಲ್ಲ ಒಂದೇ ಆಗಿ, ಕಾಫಿಯ ಧ್ಯಾನ ಶುರುವಾಗಿತ್ತು. ಆಗ ಬಂತು ಸ್ಟಿಫ್ಕಿ. ಜೌಗುನೆಲದ ಅಂಚಿನ ಪುಟ್ಟ ಊರು, ಚಿಪ್ಪುಮೀನಿಗೆ ಹೆಸರುವಾಸಿ. ಇಗರ್ಜಿಯ ಅಂಗಳದಲ್ಲಿ ಹೆರಾಲ್ಡ್ ಡೇವಿಡ್‌ಸನ್ನರ ಸಮಾಧಿ ಇದೆ.

ಈ ಮನುಷ್ಯ ಹುಟ್ಟಿದ್ದು 1875ರಲ್ಲಿ. ಪಾದ್ರಿಯಾಗುವ ಮೊದಲು ನಾಟಕದವರು, ನಗೆಪಾತ್ರ ಹಾಕಿ ಊರೂರು ತಿರುಗಿದವರು. 1906ರಲ್ಲಿ ಸ್ಟಿಫ್ಕಿಗೆ ಪಾದ್ರಿಯಾಗಿ ಬಂದರು. ಆದರೆ ಸ್ಟಿಫ್ಕಿಯಲ್ಲಿ ಇದ್ದದ್ದು ಕಡಿಮೆ. ವಾರವಿಡೀ ಲಂಡನ್ನಿನ ಬೀದಿಗಳಲ್ಲಿ, ಟೀ ಅಂಗಡಿಗಳಲ್ಲಿ ಹಾದಿ ತಪ್ಪಿದ, ತಪ್ಪಬಹುದಾದ ಹುಡುಗಿಯರ ಉದ್ಧಾರ. ಭಾನುವಾರದ ಪ್ರಾರ್ಥನೆಗೆ ಏದುಸಿರು ಬಿಡುತ್ತಾ ಊರಿಗೆ. 1930ರ ನವೆಂಬರಿನಲ್ಲಿ ಯುದ್ಧದಲ್ಲಿ ಮಡಿದವರ ಸ್ಮರಣೆಗೇ ಅವರು ಹೊತ್ತಿಗೆ ಬರಲಿಲ್ಲ. ಊರಿನ ದೊಡ್ಡ ಮೀಸೆಗಳಿಗೆ ಸಿಟ್ಟು ಬಂತು, ದೂರು ಹೋಯಿತು. 1932ರಲ್ಲಿ ಧರ್ಮ ನ್ಯಾಯಾಲಯದ ವಿಚಾರಣೆ. ಪತ್ರಿಕೆಗಳಿಗೆ ಹಬ್ಬ. ಬಟ್ಟೆ ಸರಿಯಿಲ್ಲದ ಹುಡುಗಿಯೊಬ್ಬಳ ಜೊತೆಗಿನ ಫೋಟೊ ಹೊರಬಂದ ಮೇಲೆ ಯಾರೂ ಏನೂ ಕೇಳಿಸಿಕೊಳ್ಳಲಿಲ್ಲ. ನಾರಿಚ್ ಕ್ಯಾಥೀಡ್ರಲ್ಲಿನಲ್ಲಿ ಅವರ ಪಾದ್ರಿತನ ಕಳಚಿಹಾಕಿದರು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಹಳೆಯ ನಟ ಬಿಡಬೇಕಲ್ಲ! ಮೇಲ್ಮನವಿಗೆ ಕಾಸು ಕೂಡಿಸಲು ಬ್ಲ್ಯಾಕ್‌ಪೂಲಿನ ಕಡಲ ತೀರದಲ್ಲಿ ಪೀಪಾಯಿಯೊಳಗೆ ಕುಳಿತು ತಮ್ಮನ್ನೇ ಪ್ರದರ್ಶನಕ್ಕಿಟ್ಟರು. ಜನ ಟಿಕೆಟು ಕೊಂಡು ನೋಡಿದರು. ಉಪವಾಸ ಕೂತರೆಂದು ಆತ್ಮಹತ್ಯೆ ಯತ್ನದ ಮೊಕದ್ದಮೆ ಬಿತ್ತು, ಅದರಲ್ಲಿ ಗೆದ್ದರು. ಕಡೆಗೆ 1937ರ ಬೇಸಿಗೆ, ಸ್ಕೆಗ್‌ನೆಸ್ ಎಂಬ ಇನ್ನೊಂದು ಕಡಲೂರು. ತನಗಾದ ಅನ್ಯಾಯದ ಬಗ್ಗೆ ಒಂದಿಷ್ಟು ಭಾಷಣ, ಆಮೇಲೆ ಸಿಂಹದ ಬೋನು ಹೊಕ್ಕು ಹೊರಬರುವುದು, ಇದು ಆಟ. ಜುಲೈ 28ರಂದು ಒಳಗಿನ ಒಂದರ ಬಾಲ ತುಳಿದರೆಂದು ಹೇಳುತ್ತಾರೆ. ಫ್ರೆಡ್ಡಿ ಎಂಬ ಸಿಂಹ ಎರಗಿತು. ಸಿಂಹ ಪಳಗಿಸುವ ಹದಿಹರೆಯದ ಹುಡುಗಿಯೊಬ್ಬಳು ಒಳನುಗ್ಗಿ ಅವರನ್ನು ಎಳೆದು ತಂದಳು. ಎರಡು ದಿನಕ್ಕೆ ತೀರಿಕೊಂಡರು. ಹುಡುಗಿಯರನ್ನು ಉಳಿಸಲು ಹೊರಟ ಪಾದ್ರಿಯನ್ನು ಉಳಿಸಲು ಬಂದವಳೂ ಒಬ್ಬ ಹುಡುಗಿಯೇ. ಇದನ್ನು ನಾನು ಕಥೆಯಲ್ಲಿ ಬರೆದಿದ್ದರೆ ಸಂಪಾದಕರು ಹೊಡೆದುಹಾಕುತ್ತಿದ್ದರು.

ಹೆಣ ಸ್ಟಿಫ್ಕಿಗೇ ಬಂತು. ಮೂರು ಸಾವಿರದಷ್ಟು ಜನ ಸೇರಿದ್ದರಂತೆ. ಗೋಡೆ ಹತ್ತಿ ನೋಡಿದರಂತೆ. ಆತ ಹುಂಬನೋ ಕಪಟಿಯೋ ನನಗೆ ಗೊತ್ತಾಗಲಿಲ್ಲ. ಆ ಫೋಟೊ ನೆನೆದರೆ ಆತನನ್ನು ಒಪ್ಪಿಕೊಳ್ಳಲೂ ಮನಸ್ಸು ಬರುವುದಿಲ್ಲ. ಆದರೂ ಧರ್ಮಪೀಠ ಹೊರಗೆ ಹಾಕಿದವನಿಗೆ ತಮ್ಮ ಅಂಗಳದಲ್ಲಿ ಆರಡಿ ಕೊಟ್ಟ ಹಳ್ಳಿಯ ಬಗ್ಗೆ ನನಗೆ ಗೌರವ ಬಂತು. ಮೇಷ್ಟ್ರಿಗೆ ನನ್ನ ಉತ್ಸಾಹ ಅಷ್ಟು ಹಿಡಿಸಲಿಲ್ಲ. "ಎಲ್ಲರೂ ಸಿಂಹ ಕೇಳುತ್ತಾರೆ, ಒಳಗೆ ಬರುವುದೇ ಇಲ್ಲ" ಎಂದರು. ಒಳಗೆ ಪ್ರಾರ್ಥನೆಯ ವೇಳಾಪಟ್ಟಿ ಅಂಟಿಸಿತ್ತು. ಒಬ್ಬ ಪಾದ್ರಿಗೆ ಹಲವು ಊರು. ಈ ವಾರ ಇಲ್ಲಿ, ಮುಂದಿನ ವಾರ ಅಲ್ಲಿ. ಡೇವಿಡ್‌ಸನ್ ವಾರಕ್ಕೊಮ್ಮೆಯಾದರೂ ಬರುತ್ತಿದ್ದರು.

ಮೇಷ್ಟ್ರು ಕಡೆಯದಾಗಿ ಕರೆದುಕೊಂಡು ಹೋಗಿದ್ದು ಹೇಸ್‌ಬ್ರ ಎಂಬ ಕಡಲ ದಂಡೆಯ ಊರಿಗೆ. ಈ ದಂಡೆಯದು ಜೇಡಿಮಣ್ಣು, ಮರಳು. ಅಲೆ ಹೊಡೆದರೆ ಜರಿಯುತ್ತದೆ. ಪಕ್ಕದ ಎಕಲ್ಸ್ ಊರಿನ ಗೋಪುರ 1895ರಲ್ಲಿ ಬಿತ್ತು. ಆಚೆಯ ಸೈಡ್‌ಸ್ಟ್ರಾಂಡಿನವರು ಇಗರ್ಜಿಯನ್ನು ಒಳನಾಡಿಗೆ ಸಾಗಿಸಿ ಗೋಪುರವನ್ನು ಅಲ್ಲೇ ಬಿಟ್ಟರು, ಅದೂ 1916ರಲ್ಲಿ ಹೋಯಿತು. ಹೇಸ್‌ಬ್ರದ ಕಿನಾರೆಯಲ್ಲಿ 2013ರಲ್ಲಿ ಎಂಟು ಲಕ್ಷ ವರ್ಷಕ್ಕೂ ಹಳೆಯ ಮನುಷ್ಯರ ಹೆಜ್ಜೆಗುರುತು ಸಿಕ್ಕಿ, ಕೆಲವೇ ದಿನಗಳಲ್ಲಿ ಅಲೆಗೆ ಅಳಿಸಿತು. ಬೀದಿಯ ತುದಿಯ ಮನೆಗಳೂ ಹೋಗಿವೆ. ಎತ್ತರದ ಗೋಪುರದ ಇಗರ್ಜಿ ಸರದಿಯಲ್ಲಿದೆ. ಇಲ್ಲಿ ತಡೆಗೋಡೆಗೆ ಇನ್ನು ದುಡ್ಡು ಸುರಿಯುವುದಿಲ್ಲ, ಕಡಲಿಗೆ ಬಿಟ್ಟುಕೊಡುವುದು ಎಂದು ಸರ್ಕಾರದ ಕಡತ ಹೇಳುತ್ತದಂತೆ.

ನಾನು ಉಳ್ಳಾಲದವನು. ನಮ್ಮಲ್ಲಿ ಮಳೆಗಾಲಕ್ಕೊಮ್ಮೆ ಲಾರಿಗಟ್ಟಲೆ ಕಲ್ಲು ತಂದು ಕಡಲಿಗೆ ಹಾಕುತ್ತಾರೆ ಎಂದೆ.

"ಕಲ್ಲು ನಿಲ್ಲುತ್ತದೆಯೆ?" ಮೇಷ್ಟ್ರು ಆಸೆಯಿಂದಲೇ ಕೇಳಿದರು.

"ಕಲ್ಲು ನಿಲ್ಲುವುದಿಲ್ಲ. ಬಿಲ್ಲು ಪಾಸಾಗುತ್ತದೆ."

ಅವರು ನಗಲಿಲ್ಲ. ಹಾಗಾದರೂ ಯಾರೋ ಕಲ್ಲು ಹಾಕುತ್ತಾರಲ್ಲ ಎಂದರು.